ಸೈನಿಕರ ಮೈಬಣ್ಣ

ನನ್ನ ಸೈನಿಕರು ಕಾಣಿಸುತ್ತಿರಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಸಾರ್ ಹೇಳಿದ್ದು ನಿಜ. ಎದುರಾಳಿ ಹೇಳಿದರೂ ನಿಜವನ್ನು ಒಪ್ಪಿಕೊಳ್ಳಬೇಕೆಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಕೆಂಪು ಮಣ್ಣಿನ ಮೇಲೆ ಕಂದು ಮೈಯವರನ್ನು ನಿಲ್ಲಿಸಿದ್ದೆ. ಕಂಪ್ಯೂಟರಿನಿಂದ ಸ್ವಲ್ಪ ದೂರ ಸರಿದರೆ ಸಾಕು, ಇಡೀ ಪಡೆ ಮಾಯ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಚಿಂತಾಮಣಿಯ ತರಕಾರಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಕಂಪ್ಯೂಟರ್ ಸೆಂಟರ್. ಎರಡಕ್ಕೂ ಸಾರೇ ಯಜಮಾನರು. ಡಿಗ್ರಿ ಓದುತ್ತಿದ್ದ ನಾನು ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಕ್ಲಾಸು ಮುಗಿದ ಮೇಲೆ ನಾವೆಲ್ಲ ಒಂದು ಯುದ್ಧದ ಆಟ ಆಡುತ್ತಿದ್ದೆವು. ಸರದಿಯ ಮೇಲೆ ಪಡೆ ನಡೆಸುವುದು, ಯೋಚಿಸಿ ಕೋಟೆ ಹಿಡಿಯುವುದು. ಆಟದ ಚಿತ್ರಗಳನ್ನು ತೆಗೆದು ನಮ್ಮವನ್ನು ಹಾಕಲು ಅದರಲ್ಲಿ ಅವಕಾಶವಿತ್ತು. ಕಬ್ಬಿಣದ ಅಂಗಿ ತೊಟ್ಟ ಪರದೇಶದ ಸವಾರರನ್ನು ಕಿತ್ತುಹಾಕಿದೆ. ನಮ್ಮ ಕಡೆಯ ಪಾಳೆಗಾರರ ಬೆಟ್ಟದ ಕೋಟೆ, ಎತ್ತಿನ ಗಾಡಿ, ಕೆಂಪು ಪಂಚೆ ಉಟ್ಟು ಈಟಿ ಹಿಡಿದ ಕಾಲಾಳುಗಳನ್ನು ಚುಕ್ಕಿಯ ಪಕ್ಕ ಚುಕ್ಕಿ ಇಟ್ಟು ಬರೆದೆ. ಕಾಲಾಳುಗಳ ಮೈಕಟ್ಟು, ಮೈಬಣ್ಣ ಎರಡೂ ನಗರಗೆರೆಯಲ್ಲಿ ಹೊಲ ಉಳುವ ನನ್ನ ಸೋದರಮಾವಂದಿರದು. ನನ್ನ ಬಣ್ಣವೂ ಅದೇ.

ಸೆಂಟರಿನ ವಾರ್ಷಿಕೋತ್ಸವದಲ್ಲಿ ಅದನ್ನು ಎಲ್ಲರಿಗೂ ತೋರಿಸೋಣ ಎಂದವರೇ ಸಾರ್. ಆದರೆ ಚಿತ್ರ ನೋಡಿದ ಕೂಡಲೇ ಮುಖ ಕಿವುಚಿದರು.

“ಏನಮ್ಮ, ಜನಾನೇ ಕಾಣ್ತಿಲ್ವಲ್ಲ. ಸ್ವಲ್ಪ ಬೆಳ್ಳಗೆ ಮಾಡು.”

“ಮಣ್ಣನ್ನ ಬೆಳ್ಳಗೆ ಮಾಡ್ಲಾ ಸಾರ್?”

“ಮಣ್ಣಲ್ಲಮ್ಮ, ಜನಾನ.”

“ಯಾಕೆ?”

“ಯಾಕೆ ಅಂದ್ರೆ? ಎದ್ದು ಕಾಣ್ಬೇಕಲ್ಲ!”

“ಮಣ್ಣು ತಿಳಿಯಾದ್ರೂ ಎದ್ದು ಕಾಣ್ತಾರಲ್ಲ ಸಾರ್.”

“ಶುರುವಾಯ್ತು ನೋಡ್ರಪ್ಪ, ಡಿಬೇಟು!” ಎಂದು ಅವರು ಕ್ಲಾಸಿನ ಕಡೆ ತಿರುಗಿದರು. ಕ್ಲಾಸು ನಕ್ಕಿತು.

ಉತ್ತರ ತೋಚದವರು ವಾದಿಸುವವಳನ್ನು ನಗೆಪಾಟಲು ಮಾಡುತ್ತಾರೆ. ಗೌರಿಬಿದನೂರು, ಶಿಡ್ಲಘಟ್ಟ ಎಂದು ಕಾಲೇಜು ಕಾಲೇಜಿನ ವೇದಿಕೆ ಹತ್ತಿದವಳಿಗೆ ಅದು ಹೊಸದಲ್ಲ. ಆದರೂ ಮೈ ಉರಿಯಿತು. ಎದ್ದು ಕಾಣುವುದಕ್ಕೆ ಎರಡು ಬಣ್ಣ ಬೇಕು, ಅವುಗಳ ನಡುವೆ ಅಂತರ ಬೇಕು. ಅಂತರ ಕಡಿಮೆಯಾದರೆ ಎರಡರಲ್ಲಿ ಯಾವುದನ್ನು ಬೇಕಾದರೂ ಸರಿಸಬಹುದು. ಹಾಗಿದ್ದರೆ ಪ್ರತಿಸಲವೂ ಕಪ್ಪು ಮೈಯೇ ಯಾಕೆ ಸರಿಯಬೇಕು? ಇದು ನನ್ನ ಪ್ರಶ್ನೆ. ಇಂದಿಗೂ ಯಾರೂ ಉತ್ತರಿಸಿಲ್ಲ.

ಸಾರ್ ಕೆಟ್ಟವರಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಅವರ ಕೈಗೆ ಸ್ಟುಡಿಯೋದ ಚಾಳಿ ಅಂಟಿತ್ತು. ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಕಡುನೀಲಿ ಪರದೆಯ ಮುಂದೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಆಮೇಲೆ ‘ಟಚಿಂಗ್’ ಎಂದು ಬ್ರಷ್ಷು ಹಿಡಿದು ಮುಖವನ್ನು ತಿಳಿ ಮಾಡುತ್ತಿದ್ದರು. ಯಾರೂ ಕೇಳಬೇಕಾಗಿರಲಿಲ್ಲ, ಕೇಳದೆ ಮಾಡುವುದೇ ಅವರ ಮರ್ಯಾದೆ. ನಮ್ಮ ಅಕ್ಕನ ಫೋಟೋಗೂ ಹಾಗೇ ಮಾಡಿದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಫೋಟೋ ನೋಡಿ, ಅಕ್ಕನನ್ನು ನೋಡಿ, ಮತ್ತೆ ಫೋಟೋ ನೋಡಿದರು. “ಫೋಟೋದಲ್ಲಿರೋರು ಒಳಗಿದಾರಾ?” ಎಂದಳು ಗಂಡಿನ ಕಡೆಯ ಹೆಂಗಸು. ಅಕ್ಕ ಅಡುಗೆಮನೆಗೆ ಹೋದವಳು ಅವರು ಹೋಗುವ ತನಕ ಹೊರಗೆ ಬರಲಿಲ್ಲ.

ನಾನು ಮಣ್ಣನ್ನೇ ಬದಲಾಯಿಸಿದೆ. ರಾಗಿ ಕುಯ್ದ ಮೇಲೆ ಬಿಸಿಲಿಗೆ ಬಿಳಿಚಿದ ಹೊಲದ ಬಣ್ಣ ಬರಬೇಕೆಂದು ಹಟ ಹಿಡಿದೆ. ಕೆಂಪು ಇಳಿಸಿದರೆ ಹಸಿರು ಹೊಡೆಯುತ್ತಿತ್ತು, ಹಳದಿ ಏರಿಸಿದರೆ ಚಿತ್ರಾನ್ನದ ಹಾಗೆ ಕಾಣುತ್ತಿತ್ತು. ಕೊನೆಗೊಂದು ಸಂಜೆ ಬಣ್ಣ ಕುದುರಿತು. ಆ ನೆಲದ ಮೇಲೆ ಕಾಲಾಳುಗಳು ಈಟಿಯ ತುದಿಯ ಸಮೇತ ಸ್ಪಷ್ಟವಾಗಿ ನಿಂತರು. ಪಕ್ಕದಲ್ಲಿದ್ದ ಗೆಳತಿ, ಮನೆಯಲ್ಲಿ ತೆಲುಗು ಆಡುವವಳು, “ಅಬ್ಬಾ, ಎಂತ ಬಾಗುಂದೇ!” ಎಂದು ಮೆಚ್ಚಿಕೊಂಡಳು. ಸಾರ್ ಕೂಡ ನೋಡಿ “ಹ್ಞೂಂ” ಎಂದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ವಾರ್ಷಿಕೋತ್ಸವದ ದಿನ ತಂದೆತಾಯಂದಿರು, ಹುಡುಗ ಹುಡುಗಿಯರು ಎಲ್ಲ ತುಂಬಿದ್ದರು. ನಿವೃತ್ತ ಹೆಡ್ಮಾಸ್ತರೊಬ್ಬರು ಮುಖ್ಯ ಅತಿಥಿ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಆಟ ತೆರೆದೆ. ಬೋಳು ಬಯಲು. ಬಯಲ ತುಂಬ ಸಣ್ಣ ಸಣ್ಣ ಕೆಂಪು ಪಂಚೆಗಳು ಮಾತ್ರ ಓಡಾಡುತ್ತಿದ್ದವು.

“ಸೈನ್ಯ ಎಲ್ಲಮ್ಮ?” ಎಂದರು ಹೆಡ್ಮಾಸ್ತರು. “ಬಟ್ಟೆ ಒಣಗ್ಹಾಕಿದೀಯಾ?”

ಎಲ್ಲರೂ ನಕ್ಕರು.

ಆಗಿದ್ದು ಇಷ್ಟು. ಬೆಳಿಗ್ಗೆ ಸಾರ್ ನನಗೆ ಹೇಳದೆ ಕೂತು ಟಚಿಂಗ್ ಮಾಡಿದ್ದರೆಂದು ಗೆಳತಿ ಕಿವಿಯಲ್ಲಿ ಉಸುರಿದಳು. ಆ ಆಟದ ಬಣ್ಣಗಳೆಲ್ಲ ಒಂದೇ ಪಟ್ಟಿಯಲ್ಲಿ ಚದುರಂಗದ ಹಾಗೆ ಮನೆ ಮನೆಯಾಗಿ ಇರುತ್ತವೆ. ಒಂದು ಮನೆಯ ಬಣ್ಣ ತಿದ್ದಿದರೆ ಆ ಬಣ್ಣ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಾಗುತ್ತದೆ. ಅವರು ಮೈಯ ಕಂದನ್ನು ಬೆಳ್ಳಗೆ ಮಾಡಿದರು. ಕೋಟೆಯ ಬಾಗಿಲು, ಈಟಿಯ ಹಿಡಿ, ಗಾಡಿಯ ಚಕ್ರ ಎಲ್ಲವೂ ಅದೇ ಮನೆಯ ಬಣ್ಣದವು. ಎಲ್ಲವೂ ಬೆಳ್ಳಗಾಗಿ ಬೆಳ್ಳಗಿನ ನೆಲದಲ್ಲಿ ಕರಗಿಹೋದವು. ಸ್ಟುಡಿಯೋದಲ್ಲಾದರೆ ಹಿಂದೆ ಕಡುನೀಲಿ ಪರದೆ ಇರುತ್ತದೆ. ಇಲ್ಲಿ ಯಾವ ಪರದೆ?

“ಹುಡುಗಿ ಹೊಸಬಳು ಸಾರ್, ಕಲರ್ ಸರಿಯಾಗಿ ಕೂರಿಸಿಲ್ಲ,” ಎಂದು ಸಾರ್ ಅತಿಥಿಗೆ ಹೇಳಿದರು. ನನ್ನ ಎದುರಿಗೇ.

“ನಾನು ಕೂರಿಸಿದ್ದು ಸರಿಯಾಗೇ ಇತ್ತು. ಬೆಳಿಗ್ಗೆ ನೀವು ಅಳಿಸಿದ್ರಿ,” ಎಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಹಿಂದಿನಿಂದ ಗೆಳತಿ ಜಡೆ ಎಳೆದು “ಪೋನೀ ಬಿಡೇ” ಎಂದಳು. ಬಿಡಲಿಲ್ಲ. ಅಷ್ಟು ಜನರ ಮುಂದೆಯೇ ಕೂತು ಆ ಒಂದು ಮನೆಯನ್ನು ಮತ್ತೆ ಕಂದು ಮಾಡಿದೆ. ಆಟವನ್ನು ಮತ್ತೆ ತೆರೆದಾಗ ಕಾಲಾಳುಗಳು, ಬಾಗಿಲು, ಚಕ್ರ ಎಲ್ಲ ಒಟ್ಟಿಗೆ ಕಾಣಿಸಿಕೊಂಡವು. ಹೆಡ್ಮಾಸ್ತರು “ಓಹೋ, ಇಲ್ಲಿದಾರೆ!” ಎಂದು ಕುರ್ಚಿ ಮುಂದಕ್ಕೆಳೆದುಕೊಂಡು ಆಡತೊಡಗಿದರು.

ನನ್ನ ವಾದ ಗೆದ್ದಿತೆಂದುಕೊಂಡೆ. ಕುರ್ಚಿಗಳನ್ನು ಎತ್ತಿಡುವಾಗ ಸಾರ್ ಹತ್ತಿರ ಬಂದು, ತಪ್ಪನ್ನು ಕ್ಷಮಿಸುವವರ ಹಾಗೆ ನಕ್ಕರು.

“ಕೋಪ ಮಾಡ್ಕೋಬೇಡಮ್ಮ. ಆಟ ಇಲ್ಲೇ ಇರ್ಲಿ, ಮುಂದಿನ ಬ್ಯಾಚಿಗೆ ತೋರಿಸ್ತೀನಿ. ನೆಲ ಸ್ವಲ್ಪ ಕಪ್ಪು ಮಾಡ್ಕೊಂಡು, ಜನಾನ ಬೆಳ್ಳಗೆ ಮಾಡ್ಕೋತೀನಿ.”

ಅಂದರೆ ಅವರಿಗೆ ಎಲ್ಲವೂ ಅರ್ಥವಾಗಿತ್ತು. ಅಂತರವೂ ಅರ್ಥವಾಗಿತ್ತು.

ಚಿತ್ರಗಳನ್ನು ಫ್ಲಾಪಿಗೆ ಹಾಕಿಕೊಂಡೆ. ಸೆಂಟರಿನ ಕಂಪ್ಯೂಟರಿನಲ್ಲಿ ಒಂದೂ ಉಳಿಯದಂತೆ ಅಳಿಸಿದೆ. ಪರದೇಶದ ಸವಾರರು ಮತ್ತೆ ಬಂದು ನಿಂತರು. ಮೆಟ್ಟಿಲಿಳಿಯುವಾಗ ಗೆಳತಿ ಹಿಂದೆಯೇ ಓಡಿ ಬಂದಳು.

“ನಿಮ್ಮನೇಲಿ ಕಂಪ್ಯೂಟರ್ರೇ ಇಲ್ವಲ್ಲೇ! ಎಲ್ಲಿ ಆಡ್ತೀಯ ಇದನ್ನ?”

“ಆಡಲ್ಲ,” ಎಂದೆ.