ಸೊಟ್ಟ ತುಟಿಯ ಪಾಠ

ಶರಣಪ್ಪನಿಗೆ ಸಿಗಬೇಕಾದ ಗುಮಾಸ್ತಿಕೆಯನ್ನು ಅವನ ಬಾಯಿಂದಲೇ ನಾನು ಕೆಡಿಸಿದೆ. ಆ ಕುರ್ಚಿಯ ಮೇಲೆ ಏಳು ವರ್ಷದಿಂದ ನಾನೇ ಕೂತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಯಾಕೆಂದರೆ ನಾನು ಕತೆ ಹೇಳತೊಡಗಿದರೆ ಜನ ನಗುತ್ತಾರೆ, ಆ ನಗುವಿನಲ್ಲಿ ನಿಜ ಎಲ್ಲೋ ಜಾರಿಹೋಗುತ್ತದೆ. ಅದೇ ನನ್ನ ರೋಗ.

ಕುಷ್ಟಗಿಯ ಪೇಟೆಯಲ್ಲಿ ನನ್ನ ಅಣಕಕ್ಕೆ ಸಿಗದವರಿರಲಿಲ್ಲ. ಎಣ್ಣೆ ಅಂಗಡಿಯ ಶೆಟ್ಟರ ಕೆಮ್ಮು, ಮಾಸ್ತರರ ನಶ್ಯದ ಸೀನು, ನನ್ನಪ್ಪನ ಗೊರಕೆ, ಕೊನೆಗೆ ನನ್ನದೇ ಕೊಕ್ಕರೆ ನಡಿಗೆ — ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದುದು ತಹಸೀಲ್ದಾರ್ ಸಾಹೇಬರದು. ಅವರಿಗೆ ಹಿಂದೊಮ್ಮೆ ಲಕ್ವ ಹೊಡೆದು ಬಲಗಡೆಯ ತುಟಿ ಸೊಟ್ಟಗಾಗಿತ್ತು. ಮಾತಿನ ಕೊನೆ ಎಳೆದುಕೊಂಡು ಮೂಗಿಗೆ ಏರುತ್ತಿತ್ತು. ಅವರಿಗೆ ಅದು ಕಷ್ಟ. ನನಗೆ ಬಂಡವಾಳ.

ನಮ್ಮದು ನಿಜಾಮರ ಸೀಮೆ, ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲಿ. ಒಂದೇ ಒಂದು ಗುಮಾಸ್ತನ ಜಾಗ ಖಾಲಿ ಬಿದ್ದಾಗ ನಾನೂ ಅರ್ಜಿ ಹಾಕಿದೆ. ಗಂಗಾವತಿಯಲ್ಲಿ ನನ್ನ ಜೊತೆ ಓದಿದ, ಯಲಬುರ್ಗಾ ಕಡೆಯ ಹಳ್ಳಿಯ ಶರಣಪ್ಪನೂ ಹಾಕಿದ. ಅವನ ಉರ್ದು ಬರಹ ಅಚ್ಚು ಹಾಕಿದ ಹಾಗೆ; ನನ್ನದು ಮಸಿಯಲ್ಲಿ ಕಾಲದ್ದಿದ ಕೋಳಿ ಓಡಿದ ಹಾಗೆ. ಆದರೆ ಮಾತಾಡಲು ನಿಂತರೆ ಅವನ ನಾಲಿಗೆ ಕಟ್ಟುತ್ತಿತ್ತು. ತಂದೆ ಇಲ್ಲದ ಮನೆ, ತಾಯಿ ಮಂದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಈ ನೌಕರಿಯೊಂದು ಸಿಕ್ಕರೆ ಅವಳನ್ನು ಮನೆಯಲ್ಲಿ ಕೂಡಿಸಿ ಉಣ್ಣಿಸಬೇಕೆಂದು ಅವನ ಆಸೆ.

ಸಂದರ್ಶನಕ್ಕೆ ಎಂಟು ದಿನ ಮುಂಚೆ ನಮ್ಮ ಮನೆಗೇ ಬಂದು ಉಳಿದ. "ನೀ ಸಾಹೇಬ ಆಗು, ನನ್ನ ಸವಾಲ್ ಕೇಳು. ನಿನ್ನ ಮಾತು ಕೇಳಿ ಕೇಳಿ ನನ್ನ ನಾಲಿಗಿ ಹೊರಳತೈತಿ," ಎಂದ.

ಹಳ್ಳದ ದಂಡೆಯಲ್ಲಿ ಪಾಠ. ಬಂಡೆಯ ಮೇಲೆ ನಾನು ಸಾಹೇಬ. ಎದುರಿಗೆ ಕೈಕಟ್ಟಿ ಶರಣಪ್ಪ. ಸರಿಯಾದದ್ದನ್ನೂ ಕಲಿಸಿದೆ — ಬಗ್ಗಿ ಸಲಾಮು ಮಾಡು, ಕೇಳಿದಷ್ಟಕ್ಕೇ ಉತ್ತರಿಸು, ಹುಜೂರರ ಮುಖ ನೋಡಬೇಡ, ಮೇಜಿನ ಮೇಲಿನ ಮಸಿ ದೌತಿಯನ್ನು ನೋಡಿಕೊಂಡು ಮಾತಾಡು. ಅದೆಲ್ಲ ಕಚೇರಿಯ ರೀತಿಯೇ. ಆದರೆ ಮೊದಲ ದಿನವೇ, ಚೇಷ್ಟೆಗೆ, ಸಾಹೇಬರ ಸೊಟ್ಟ ಮಾತನ್ನೂ ಸೇರಿಸಿದೆ. ಅವರನ್ನು ಎಂದೂ ಕಂಡಿರದ ಶರಣಪ್ಪ ಅದನ್ನೂ ಶ್ರದ್ಧೆಯಿಂದ ಕಲಿತ.

"ತುಟಿ ಯಾಕ ಹಂಗ ಎಳೀತಿ?" ಎಂದು ಒಮ್ಮೆ ಕೇಳಿದ್ದುಂಟು.

"ಹೈದರಾಬಾದಿನ ದೊಡ್ಡ ಮಂದಿ ಠೀವಿ ಇದು. ನೀ ಎತ್ತಿಗೆ ಕೂಗಿದಂಗ ಕೂಗಿದ್ರ ಯಾರು ಕೊಡ್ತಾರಲೇ ನೌಕರಿ?"

ಮೂರು ದಿನ ಅದು ತಮಾಷೆಯೇ. ನಾಲ್ಕನೆಯ ದಿನ ಅವನು ಅಭ್ಯಾಸಕ್ಕೆಂದು ಬರೆದಿದ್ದ ಪತ್ರದ ಅಕ್ಷರ ನೋಡಿದೆ — ಅಲ್ಲಿಂದ ಮುಂದೆ ತಮಾಷೆಯಾಗಿ ಉಳಿಯಲಿಲ್ಲ. ಅದಕ್ಕೆ ಹೆಸರಿಡಲು ನನಗೆ ಇಷ್ಟು ವರ್ಷ... ಹೊಟ್ಟೆಕಿಚ್ಚು. ಬರೆದಾಯಿತು.

ಕೊನೆಯ ಸಂಜೆ ಅವನು ಮತ್ತೆ ಕೇಳಿದ: "ಖರೇ ಹೇಳು, ಹಿಂಗ ಮಾತಾಡಿದ್ರ ನಡೀತೈತೇನು?"

"ಭಾಳ ಛಲೋ ಐತಿ," ಎಂದೆ.

ಮರುದಿನ ಮೊದಲು ಅವನನ್ನು ಕರೆದರು. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ. ಒಂದು ಪ್ರಶ್ನೆ, ಒಂದು ಉತ್ತರ — ಒಳಗೆ ಇಬ್ಬರು ತಹಸೀಲ್ದಾರರು ಕೂತು ಮಾತಾಡಿದಂತಿತ್ತು. ಎರಡನೆಯ ಉತ್ತರದ ನಡುವೆ ಅವನ ದನಿ ನಿಂತಿತು. ತಲೆ ಎತ್ತಿ ಸಾಹೇಬರ ಮುಖ ನೋಡಿರಬೇಕು. ಸಾಹೇಬರು ಕೂಗಾಡಲಿಲ್ಲ. ಮೆಲ್ಲಗೆ, ಉರ್ದುವಿನಲ್ಲಿ, "ಇದನ್ನು ನಿನಗೆ ಯಾರು ಕಲಿಸಿದರು?" ಎಂದರು. ಮತ್ತೊಮ್ಮೆ ಕೇಳಿದರು. ನನ್ನ ಹೆಸರು ಹೊರಬೀಳಲಿಲ್ಲ. ನಾನು ನನ್ನ ಟೊಪ್ಪಿಗೆಯ ಧೂಳು ಕೊಡವುತ್ತಿದ್ದೆ — ಅದರಲ್ಲಿ ಧೂಳೇನೂ ಇರಲಿಲ್ಲ.

ಅವನು ಹೊರಗೆ ಬಂದ. ನನ್ನನ್ನು ನೋಡಿದ, ನಡೆದುಹೋದ. ನಾನು ಒಳಗೆ ಹೋಗಿ, ತುಟಿಯನ್ನು ನೆಟ್ಟಗಿಟ್ಟುಕೊಂಡು ಮಾತಾಡಿ, ನೌಕರಿ ಪಡೆದು ಬಂದೆ.

ಸಾಹೇಬರು ವರ್ಗವಾಗಿ ಹೋದರು. ಅವರ ಕಾಲು ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಶರಣಪ್ಪ ಅದೇ ಕಚೇರಿಯ ಎದುರು ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ರೈತರಿಗೆ ಅರ್ಜಿ ಬರೆದುಕೊಡತೊಡಗಿದ. ಅವನ ಆ ಅಕ್ಷರ ದಿನಾ ನನ್ನ ಮೇಜಿಗೆ ಬರುತ್ತದೆ. ದಿನಾ ಓದುತ್ತೇನೆ. ಅವನ ತಾಯಿ ಕಡೆಯವರೆಗೂ ಮಂದಿಯ ಹೊಲದಲ್ಲೇ ದುಡಿದು ಹೋದ ವರ್ಷ ತೀರಿಕೊಂಡಳು. ಮಣ್ಣಿಗೆ ಹೋದವರಲ್ಲಿ ನಾನಿರಲಿಲ್ಲ — ಯಾವ ಮುಖ ಹೊತ್ತು...

ಹೋದ ವಾರ ಅವನ ಚಾಪೆಯ ಮೇಲೆ ಕೂತೆ. ನಾಚಿಕೆಗೇಡಿ ನಾನು, ಆಗಲೂ ಹಳ್ಳಿಯ ಮುದುಕನೊಬ್ಬನ ದನಿ ತೆಗೆದೆ: "ಒಂದ ಅರ್ಜಿ ಬರಕೊಡ್ರಿ ಯಪ್ಪಾ."

ಅವನು ನಗಲಿಲ್ಲ. ಲೇಖನಿ ಅದ್ದಿದ. "ಯಾರ ಮ್ಯಾಲೆ?"

"ನನ್ನ ಮ್ಯಾಲೆ," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ — ಸಾಹೇಬರ ತುಟಿ, ಅವನ ಪತ್ರ, ನನ್ನ ಕಿಚ್ಚು. ಅವನು ಒಂದಕ್ಷರವೂ ಬರೆಯಲಿಲ್ಲ. ಕೊನೆಗೆ, "ಆವತ್ತ ಸಾಹೇಬರು ಎರಡು ಸಲ ಕೇಳಿದ್ರೂ ನೀ ನನ್ನ ಹೆಸರು ಹೇಳಲಿಲ್ಲ. ನನ್ನ ಉಳಿಸಿದಿ," ಎಂದೆ.

ಶರಣಪ್ಪ ಲೇಖನಿ ಒರೆಸಿ ಕೆಳಗಿಟ್ಟ.

"ನಿನ್ನ ಉಳಸಾಕಲ್ಲೋ. ನಾಕ ಹೆಜ್ಜಿ ದೂರ ಕುಂತಿದ್ದಿ — ನೀನಾಗೇ ಎದ್ದು ಬರ್ತಿ ಅಂತ ಕಾದೆ. ಈಗರೆ ಏಳು, ಹಿಂದ ಮಂದಿ ನಿಂತಾರ."