ಉಂಗುರವಿಲ್ಲದ ಬೆರಳು

ನಿಶ್ಚಿತಾರ್ಥದಲ್ಲಿ ಮಗಳು ವಜ್ರದುಂಗುರ ತೊಡಿಸಲು ಹೋದರೆ ಹುಡುಗ ಕೈ ಹಿಂದಕ್ಕೆಳೆದುಕೊಂಡ. ನಾನು ಚೀಟಿ ಕಟ್ಟಿ ಕೊಂಡ ಉಂಗುರ. ಸಿಟ್ಟೇ ಬಂತು.

ಅವನು ಪೀಣ್ಯದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ನಡೆಸುವವನು. “ಒಂದ್ಸಲ ಹಾಕ್ಕೊಂಡ್ರೆ ತೆಗೆಯೋಕೆ ಮನಸ್ಸು ಬರಲ್ಲ ಅತ್ತೆ,” ಎಂದ.

ಪಕ್ಕದಲ್ಲಿದ್ದ ಅವನ ಗೆಳೆಯ ತನ್ನ ಕೈ ಚಾಚಿದ. ಉಂಗುರದ ಬೆರಳೇ ಇರಲಿಲ್ಲ. “ಹೆಂಡ್ತಿ ಹಾಕಿದ್ದು ಅಂತ ನಾನೂ ತೆಗೀತಿರ್ಲಿಲ್ಲ ಅಮ್ಮ. ತಿರುಗೋ ಮೆಷಿನ್ನು ಉಂಗುರದ ಜೊತೆ ಬೆರಳನ್ನೂ ಸೇರಿಸಿ ಎಳ್ಕೊಂಡ್ಬಿಡ್ತು.”

ಮಗಳು ಉಂಗುರವನ್ನು ಡಬ್ಬಿಯಲ್ಲಿಟ್ಟು, ಹುಡುಗನ ಬರಿಗೈಯನ್ನೇ ಹಿಡಿದುಕೊಂಡಳು.

ವಜ್ರ ಈಗಲೂ ಬೀರುವಿನಲ್ಲಿದೆ. ಅಷ್ಟು ದುಡ್ಡು ದಂಡವಾಯಿತಲ್ಲ ಎಂದು ನೆಂಟರು ಅನ್ನುತ್ತಾರೆ. ಆದರೆ ಅಳಿಯ ಕೆಲಸ ಮುಗಿಸಿ ಬಂದು ಕಾಫಿ ಲೋಟಕ್ಕೆ ಕೈ ಚಾಚಿದಾಗ, ನನ್ನ ಕಣ್ಣು ಮೊದಲು ಹೋಗುವುದು ಅವನ ಬೆರಳುಗಳ ಕಡೆಗೇ.