ವಾಲ್ವಿಗೆ ವಿಭೂತಿ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕುಡುಗೋಲು, ಹಾಲಿನ ಕ್ಯಾನು, ಮೇವು ಕತ್ತರಿಸುವ ಮೆಷೀನು, ನನ್ನ ಸ್ಕೂಟರು, ಎಲ್ಲಕ್ಕೂ ಸ್ನಾನ ಆಗಲೇಬೇಕು. ಹೋದ ವರ್ಷ ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನನ್ನ ಹೆಂಡತಿ ಆ ಸಾಲಿಗೆ ಇನ್ನೊಂದನ್ನು ಸೇರಿಸಿದ್ದಳು. ದೇವರ ಮುಂದೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ನನ್ನ ಎಂಟು ವಾಲ್ವುಗಳು. ಪ್ರತಿಯೊಂದಕ್ಕೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮದ ಬೊಟ್ಟು, ತಲೆಯ ಮೇಲೊಂದು ಸೇವಂತಿಗೆಯ ಎಸಳು.

ವಾಲ್ವು ಅಂದರೇನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಳೆಯ ಕಾಲದ ರೇಡಿಯೊ, ಮೈಕ್ ಸೆಟ್ಟುಗಳ ಹೊಟ್ಟೆಯೊಳಗೆ ಇರುತ್ತಿದ್ದ ಗಾಜಿನ ಬುಡ್ಡಿಗಳು ಅವು. ಕರೆಂಟು ಕೊಟ್ಟರೆ ಒಳಗಿನ ತಂತಿ ಕೆಂಪಗಾಗಿ, ಅರ್ಧ ನಿಮಿಷ ಕಾಯಿಸಿ, ಆಮೇಲೆ ಹಾಡಲು ಶುರುಮಾಡುತ್ತವೆ. ಬಂಗಾರಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರೊಬ್ಬರು ಅಂಗಡಿ ಮುಚ್ಚುವಾಗ ಗುಜರಿಗೆ ಹಾಕಲಿದ್ದ ಆಂಪ್ಲಿಫೈಯರನ್ನು ನಾನು ಮನೆಗೆ ಹೊತ್ತು ತಂದಿದ್ದೆ. ಅದರಲ್ಲಿ ಒಂದು ಸಣ್ಣ ವಾಲ್ವು ಕಿತ್ತು ಅದೇ ಜಾತಿಯ ಇನ್ನೊಂದನ್ನು ಕೂರಿಸಿದರೆ ಹಾಡಿನ ಬಣ್ಣವೇ ಬೇರೆ. ಒಂದರಲ್ಲಿ ಹಾಡುವವರು ಎದುರಿಗೇ ಕೂತಿದ್ದಾರೆ ಅನ್ನಿಸುತ್ತದೆ, ಇನ್ನೊಂದರಲ್ಲಿ ಅವರಿಗೇ ನೆಗಡಿ ಹಿಡಿದಿರುತ್ತದೆ. ಈ ಹುಚ್ಚು ಹಿಡಿದು ಅಲ್ಲಿ ಇಲ್ಲಿ ಹುಡುಕಿ ಎಂಟು ಕೂಡಿಹಾಕಿದ್ದೆ. ಎಂಟೂ ನೋಡಲು ಒಂದೇ ಥರ. ಗುರುತು ಇದ್ದದ್ದು ಗಾಜಿನ ಮೇಲಿನ ಅಚ್ಚಿನ ಅಕ್ಷರದಲ್ಲಿ, ಪಕ್ಕದಲ್ಲಿ ನಾನು ಸ್ಕೆಚ್ ಪೆನ್ನಿನಲ್ಲಿ ಬರೆದ ನಂಬರಿನಲ್ಲಿ. ಆ ಅಕ್ಷರಗಳು ಎಷ್ಟು ನಾಜೂಕೆಂದರೆ ಒದ್ದೆ ಬೆರಳು ತಾಗಿದರೂ ಎದ್ದುಬರುತ್ತವೆ. ನನ್ನ ಹೆಂಡತಿ ಪಾತ್ರೆ ಸೋಪು ಹಾಕಿ ಉಜ್ಜಿದ್ದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಬ್ಬದ ದಿನ ಅಂತಲೂ ನೋಡದೆ ಕೂಗಾಡಿದೆ.

"ಅದ್ಯಾಕಂಗ್ ಬಡ್ಕೊಂತೀರ? ತೊಳುದ್ರೆ ಸತ್ತೋತವಾ?" ಅಂದಳು. "ನನಗಿಂತ ಜಾಸ್ತಿ ಅವುನ್ನೇ ನೋಡ್ಕೊಂತೀರ. ಅಸೀನ ಕೊಂಬ್ಗೂ ಬೊಟ್ಟಿಕ್ಕಿದ್ದೀನಿ, ಇವುಕ್ಕಿಕ್ಕದೆ ಬುಟ್ರೆ ಮುನಿಸ್ಕೊಂತೀರ ಅಂತ ಇಕ್ದೆ."

ಮುಖ ಊದಿಸಿಕೊಂಡೇ ಮೂರು ಒಬ್ಬಟ್ಟು ತಿಂದೆ.

ಎಂಟರಲ್ಲಿ ಯಾವುದು ಯಾವುದೆಂದು ಹೇಳಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ. ಕೆಜಿಎಫ್‌ನ ಚಿನ್ನದ ಗಣಿ ಕಾರ್ಮಿಕರ ಹಳೆಯ ಲೈನು ಮನೆಯಲ್ಲಿರುವ ಮೇಸ್ತ್ರಿ. ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು. ಗಣಿ ಮುಚ್ಚುವವರೆಗೆ ಅವರು ಭೂಮಿಯೊಳಗೆ ಒಂದು ಗುಂಪಿನ ಮುಂದಾಳಾಗಿದ್ದರು. ಸಿಡಿಮದ್ದು ಹೊಡೆದು ಹೊಗೆ ಇಳಿದ ಮೇಲೆ ಮೊದಲು ಒಳಗೆ ಕಾಲಿಡುತ್ತಿದ್ದವರು ಅವರೇ. ಉದ್ದನೆಯ ಗಡಾರಿಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತ ಹೋಗಬೇಕು. ಠಣ್ ಅಂದರೆ ಬಂಡೆ ಗಟ್ಟಿ. ಬೊದ್ ಅಂದರೆ ಒಳಗೆಲ್ಲೋ ಬಿರುಕು, ಅದರ ಕೆಳಗೆ ಯಾರೂ ನಿಲ್ಲುವಂತಿಲ್ಲ. ಅವರ ಕಿವಿಯೊಂದನ್ನೇ ನಂಬಿ ಇಪ್ಪತ್ತು ಜನ ಒಳಗೆ ಬರುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಮನೆಯ ಜಗಲಿಯಲ್ಲೇ ರೇಡಿಯೊ ರಿಪೇರಿಗೆ ಕೂತರು. ವಾಲ್ವನ್ನೂ ಅವರು ಪರೀಕ್ಷೆ ಮಾಡುವುದು ಹಾಗೆಯೇ. ಸೆಟ್ ಆನ್ ಮಾಡಿ, ಬಿಸಿಯಾಗಲು ಬಿಟ್ಟು, ಪೆನ್ಸಿಲಿನ ಹಿಂಬದಿಯಿಂದ ಗಾಜಿಗೆ ಮೆಲ್ಲಗೆ ಒಂದು ಏಟು. ಒಳಗಿನ ಭಾಗಗಳು ಸಡಿಲವಾಗಿದ್ದರೆ ಆ ಏಟು ಸ್ಪೀಕರಿನಲ್ಲಿ ಗಂಟೆಯ ಹಾಗೆ ಮೊಳಗುತ್ತದೆ.

"ಗಣೀಲಿ ಠಣ್ ಅಂದ್ರೆ ಜೀವ, ತಂಬಿ. ಇದ್ರಲ್ಲಿ ಠಣ್ ಅಂದ್ರೆ ಕಾಯಿಲೆ," ಅನ್ನುತ್ತಿದ್ದರು.

ಹನ್ನೆರಡು ವರ್ಷದಲ್ಲಿ ಯಾವ ವಾಲ್ವು ಚೆನ್ನಾಗಿದೆ ಎಂದು ನಾನು ಒಬ್ಬನೇ ತೀರ್ಮಾನ ಮಾಡಿದ್ದೇ ಇಲ್ಲ. ಹೊಸದೊಂದು ಸಿಕ್ಕಿದರೆ ನೇರ ಅವರ ಮನೆಗೆ. ಅವರು ತಟ್ಟುತ್ತಾರೆ, ಹಾಡು ಹಾಕುತ್ತಾರೆ, ಅರ್ಧ ಕಣ್ಣು ಮುಚ್ಚಿ ತಲೆ ಆಡಿಸುತ್ತಾರೆ. ನಾನು ಅದಕ್ಕೊಂದು ನಂಬರು ಬರೆದುಕೊಂಡು ಮನೆಗೆ ಬಂದು, "ಈಗ ಕೇಳು, ಸ್ವರ್ಗ" ಎಂದು ಹೆಂಡತಿಗೆ ಹೇಳುತ್ತೇನೆ. ಅವಳು ಅಕ್ಕಿ ಆರಿಸುತ್ತ "ಊಂ" ಅನ್ನುತ್ತಾಳೆ.

ಹಬ್ಬ ಕಳೆದ ಭಾನುವಾರ ವಾಲ್ವುಗಳನ್ನು ಮೊಟ್ಟೆಯ ಟ್ರೇನಲ್ಲಿ ಜೋಡಿಸಿದೆ. ಸ್ಕೂಟರಿನಲ್ಲಿ ಅದನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿತ್ತು. "ಕೆಡ್ಸಿದ್ದು ನಾನೇ, ಇಡ್ಕೊಂಡು ಬರೋದೂ ನಾನೇ," ಎಂದು ಹೆಂಡತಿ ಹೊರಟು ನಿಂತಳು. ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಪಕ್ಕದಲ್ಲಿ ಬೈಕು ನಿಲ್ಲಿಸಿದ್ದ ಹೆಂಗಸೊಬ್ಬಳು ಬಟ್ಟೆ ಮುಚ್ಚಿದ ಟ್ರೇ ನೋಡಿ, "ನಾಟಿ ಮೊಟ್ಟೆನಾ ಅಕ್ಕಾ?" ಎಂದು ಕೇಳಿದಳು. "ಊಂ ಕಣಮ್ಮಾ, ಕಾವಿಗಿಕ್ಕಕ್ಕೆ ಒಯ್ತಾ ಇದ್ದೀವಿ," ಅಂದಳು ನನ್ನವಳು, ನಗದೆ. ನನ್ನ ಕೋಪ ಅಲ್ಲೇ ಮುಕ್ಕಾಲು ಇಳಿದುಹೋಯಿತು.

ಮೇಸ್ತ್ರಿಯ ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದರು. ಮೇಸ್ತ್ರಿಯೇ ಕಾಫಿ ಕಾಸಿ ನನ್ನ ಹೆಂಡತಿಯ ಕೈಗೆ ಲೋಟ ಕೊಟ್ಟರು. ವಾಲ್ವುಗಳ ಸಂದಿಯಲ್ಲಿ ಉಳಿದಿದ್ದ ವಿಭೂತಿ ನೋಡಿ ಹೊಟ್ಟೆ ಕುಲುಕುವಂತೆ ನಕ್ಕು, ಒಂದನ್ನು ಕಣ್ಣಿಗೆ ಒತ್ತಿಕೊಂಡರು. "ಸಾಮಿ ಮುಂದೆ ಕೂತು ಬಂದವೆ. ಇನ್ಮೇಲೆ ಮರ್ಯಾದೆ ಕೊಟ್ಟು ತಟ್ಬೇಕು."

ಅವರದೇ ಸೆಟ್ಟಿನಲ್ಲಿ ಒಂದೊಂದಾಗಿ ಕೂರಿಸಿದೆವು. ಗಾಜಿನ ಮೇಲೆ ಬರೆಯುವ ಭಯ ಹತ್ತಿದ್ದರಿಂದ ಈ ಸಲ ನಾನು ನೋಟ್‌ಬುಕ್ ತಂದಿದ್ದೆ. ಅವರು ತಟ್ಟುವುದು, ನಾನು ತಲೆ ತಗ್ಗಿಸಿ ಬರೆಯುವುದು. ಮೊದಲನೆಯದು ತುಕ್ ಅಂತ ಸುಮ್ಮನಾಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಪೆನ್ಸಿಲು ತಾಗಿದ್ದೇ ತಡ, ಸ್ಪೀಕರು ಗಣ್ಣ್ ಎಂದು ಮೊಳಗಿ, ಹತ್ತು ಎಣಿಸುವವರೆಗೂ ನಿಲ್ಲಲಿಲ್ಲ. ನನ್ನ ಹಲ್ಲು ಜುಮ್ಮೆಂದಿತು.

ಮೇಸ್ತ್ರಿ ಅರ್ಧ ಕಣ್ಣು ಮುಚ್ಚಿ ತಲೆ ಆಡಿಸಿದರು. "ಇದು ಬೆಣ್ಣೆ, ತಂಬಿ. ಬರ್ಕೋ."

ನನ್ನ ಕೈ ನಿಂತುಹೋಯಿತು. ಅವರಿಗೆ ಕೇಳಿಸಿಲ್ಲ. ಇಪ್ಪತ್ತು ಜನರ ಜೀವ ಕಾಯ್ದ ಆ ಕಿವಿಗೆ, ಮೂರಡಿ ದೂರದಲ್ಲಿ ಗಂಟೆ ಹೊಡೆದರೂ ಕೇಳಿಸಿಲ್ಲ. ಹೇಳಿದರೆ ಆ ಮನುಷ್ಯನ ಬಳಿ ಉಳಿದಿರುವುದನ್ನೂ ಕಿತ್ತುಕೊಂಡಂತೆ. ನಾನು "ಹೌದು ಮೇಸ್ತ್ರಿ, ಬೆಣ್ಣೆ" ಎಂದು ತಲೆ ಎತ್ತದೆ ಬರೆದೆ.

ಹೆಂಡತಿಗೆ ಇದೇನೂ ಗೊತ್ತಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, "ಅಯ್ಯ, ಎಲ್ಲಿ ಬೆಣ್ಣೆ? ಸ್ಟೀಲ್ ತಟ್ಟೆ ಬಿದ್ದಂಗಾಯ್ತು!" ಅಂದುಬಿಟ್ಟಳು.

ನಾನು ಅವಳನ್ನು ದುರುಗುಟ್ಟಿಕೊಂಡು ನೋಡಿದೆ. ಮೇಸ್ತ್ರಿಗೆ ಅವಳ ಮಾತು ಕೇಳಿಸಲಿಲ್ಲ, ನನ್ನ ಕಣ್ಣು ಮಾತ್ರ ಕಾಣಿಸಿತು.

"ಅಮ್ಮ ಏನೋ ಅಂದ್ರು."

"ಏನಿಲ್ಲ ಮೇಸ್ತ್ರಿ, ಕಾಫಿ ಚೆನ್ನಾಗಿದೆ ಅಂದಳು."

ಅವರು ಅವಳ ಕೈಯಲ್ಲಿದ್ದ ಲೋಟ ನೋಡಿದರು. ಅದು ತುಂಬಿದ್ದು ತುಂಬಿದ ಹಾಗೇ ಇತ್ತು. ಸೆಟ್ ಆಫ್ ಮಾಡಿ, ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಅಂಗೈ ಉಜ್ಜಿಕೊಂಡರು.

"ಎರಡು ವರ್ಷ ಆಯ್ತು, ತಂಬಿ. ಬಾಯಿ ನೋಡಿದ್ರೆ ಮಾತು ಗೊತ್ತಾಗ್ತದೆ. ಡ್ರಮ್ ಕೇಳ್ತದೆ. ಈ ಠಣ್ ಅನ್ನೋದು ಮಾತ್ರ ಹೋಯ್ತು. ಅಷ್ಟು ವರ್ಷ ಬ್ಲಾಸ್ಟಿಂಗ್ ಪಕ್ಕದಲ್ಲಿ ನಿಂತಿದ್ದಲ್ವಾ."

"ಮತ್ತೆ ಹೋದ ವರ್ಷ ತಂದಿದ್ದ ಮೂರೂ ನೀವೇ ನೋಡಿ ಹೇಳಿದ್ದು?"

"ವಾಲ್ವು ಎಲ್ಲಿ ನೋಡಿದೆ? ನಿನ್ನ ಮುಖ ನೋಡಿದೆ. ಹುಬ್ಬು ಎತ್ತಿದ್ರೆ ಚೆನ್ನಾಗಿದೆ. ಮೂಗು ಹಿಂಗೆ ಮಾಡಿದ್ರೆ ಬೇಡ. ಇವತ್ತು ನೀನು ಪುಸ್ತಕದಲ್ಲಿ ತಲೆ ಇಟ್ಕೊಂಡು ಕೂತುಬಿಟ್ಟೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಕೆಂದರೆ ನಾನು ಹುಬ್ಬು ಎತ್ತುತ್ತಿದ್ದದ್ದು ಅವರು ತಲೆ ಆಡಿಸುವ ಸೂಚನೆ ಕಂಡಾಗ. ನಾನು ಮೂಗು ಮುರಿಯುತ್ತಿದ್ದದ್ದು ಅವರ ಹಣೆ ಗಂಟಿಕ್ಕಿದ ಹಾಗೆ ಕಂಡಾಗ. ಎರಡು ವರ್ಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಲ್ವು ಆರಿಸಿದ್ದೆವು. ಅದನ್ನೇ ನಾನು ಸ್ವರ್ಗ ಎಂದು ಮನೆಗೆ ಹೊತ್ತುಕೊಂಡು ಹೋಗಿದ್ದೆ.

"ಒಂದು ಮಾತು ಹೇಳಬಾರದಿತ್ತಾ ಮೇಸ್ತ್ರಿ?"

"ಹೇಳಿದ್ರೆ ನೀನು ಯಾವ ಕೆಲ್ಸಕ್ಕೆ ಇಲ್ಲಿಗೆ ಬರ್ತೀಯ?"

ಆ ಮಾತು ನನಗೆ ನಾಟಿತು. ಬರದೆ ಏನು ಮೇಸ್ತ್ರಿ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹನ್ನೆರಡು ವರ್ಷದಲ್ಲಿ ಕೈಯಲ್ಲಿ ವಾಲ್ವು ಇಲ್ಲದೆ ನಾನು ಆ ಮನೆಗೆ ಒಂದು ಸಲವೂ ಹೋಗಿರಲಿಲ್ಲ. ಅವರ ಮೊಮ್ಮಗಳ ಮದುವೆಗೂ ಹೋಗಿರಲಿಲ್ಲ, ಅವತ್ತು ಹಸು ಈಯುವುದಿತ್ತು ಎಂದು ನೆಪ ಹೇಳಿದ್ದೆ.

ಹೆಂಡತಿಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ಲೋಟ ಕೆಳಗಿಟ್ಟು, ಸ್ಟೂಲನ್ನು ದರದರ ಎಳೆದುಕೊಂಡು ಸ್ಪೀಕರಿನ ಪಕ್ಕ, ಮೇಸ್ತ್ರಿಗೆ ಮುಖ ಕಾಣುವ ಹಾಗೆ ಕೂತಳು.

"ಅಣ್ಣಾ, ನೀವು ತಟ್ರಿ. ಕೇಳೋದು ನಾನು ಕೇಳ್ತೀನಿ. ಈ ಬುಡ್ಡಿಗುಳ್ ಎಸ್ರು ಗಿಸ್ರು ನಂಗೊತ್ತಿಲ್ಲ, ಕಿವಿ ಮಾತ್ರ ಐತೆ."

ಅದು ಸುಳ್ಳಲ್ಲ. ಬಕೆಟಿಗೆ ಬೀಳುವ ಹಾಲಿನ ಸದ್ದಿನಲ್ಲೇ ಯಾವ ಹಸು ಹಾಲು ಬಚ್ಚಿಡುತ್ತಿದೆ ಎಂದು ಹೇಳುವವಳು ಅವಳು. ಇಷ್ಟು ವರ್ಷ ಆ ಕಿವಿ ನನ್ನ ಮನೆಯಲ್ಲೇ ಅಕ್ಕಿ ಆರಿಸುತ್ತ ಕೂತಿತ್ತು.

ಮೇಸ್ತ್ರಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ಸಿಲು ಎತ್ತಿಕೊಂಡರು. ಮೂರನೆಯದನ್ನೇ ಮತ್ತೆ ತಟ್ಟಿ, "ಎಷ್ಟು ಹೊತ್ತು ನಿಲ್ತಮ್ಮಾ? ಮೊದಲು ಜೋರಾಗಿ ಆಮೇಲೆ ಸಣ್ಣಗಾಯ್ತಾ, ಇಲ್ಲ ಒಂದೇ ಸಮ ಇತ್ತಾ?" ಎಂದು ವಿಚಾರಿಸಿದರು. ಅವಳು ಕೈಯಾಡಿಸಿ ತೋರಿಸಿದಳು. ಮೇಸ್ತ್ರಿ ಅದಕ್ಕೆ ಕಾಯಿಲೆಯ ಹೆಸರು ಹೇಳಿದರು, ನಾನು ಬರೆದೆ. ಎಂಟೂ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಎರಡು ಮೊಳಗುತ್ತಿದ್ದವು, ಒಂದು ಗುಂಯ್ ಅನ್ನುತ್ತಿತ್ತು. ಅವನ್ನು ಬದಿಗಿಟ್ಟು, ಉಳಿದ ಐದರ ಬುಡಕ್ಕೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆವು.

ಕೊನೆಗೆ ಹಾಡು. ಕೆಂಪು ದಾರದ್ದನ್ನು ಕೂರಿಸಿ, ನನ್ನ ಫೋನಿನ ವಯರು ಚುಚ್ಚಿ ಹಾಡು ಹಾಕಿದೆ. ಮೇಸ್ತ್ರಿ ಅಭ್ಯಾಸದಂತೆ ನನ್ನ ಮುಖ ನೋಡಿದರು. ಆ ಮುಖವನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ. ನಾನು ಹೆಂಡತಿಯ ಕಡೆ ತಿರುಗಿದೆ. ಅವರೂ ತಿರುಗಿದರು. ಅವಳು ಯಾರನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಆತುರವಿಲ್ಲದೆ ಪೂರ್ತಿ ಹಾಡು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಏನೋ ಅಂದಳು.

ಸುಮ್ಮನೆ ಚೆನ್ನಾಗಿದೆ ಅಂದುಬಿಡೋಣ ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ಆದರೆ ಮೇಸ್ತ್ರಿಗೆ ಬಾಯಿ ಕಾಣುವ ಹಾಗೆ ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದೆ.

"ಚೆನ್ನಾಗಿಲ್ವಂತೆ ಮೇಸ್ತ್ರಿ. ಗಂಟಲಲ್ಲಿ ಏನೋ ಸಿಕ್ಕೊಂಡಂಗೈತಂತೆ."

ಅವರ ಮುಖ ಹಾಗೆ ಅರಳಿದ್ದನ್ನು ನಾನು ಅವತ್ತಿನವರೆಗೂ ನೋಡಿರಲಿಲ್ಲ.

"ಹಂಗಾದ್ರೆ ಕೀಳು ಅದನ್ನ," ಎಂದು ಸೆಟ್ ಆಫ್ ಮಾಡಿದರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ವಾಲ್ವು ಆರುವವರೆಗೂ ಕಾಯಲಾಗದೆ ನನ್ನ ಹೆಂಡತಿಯ ಕಡೆ ಬಗ್ಗಿದರು. "ಗಂಟಲಲ್ಲೋ, ಮೂಗಲ್ಲೋ? ಸರಿಯಾಗಿ ಹೇಳಮ್ಮಾ."